ಮಾನಸ ಸರೋವರದ ದಡದಲ್ಲಿ ಪರದೇಶಿ ಯಾರು?

(ಬಡಾವಣೆಯೊಂದರ ಹಿರಿಯರ ಕೂಟದಲ್ಲಿ ಈಚೆಗೆ ಮಾಡಿದ ಭಾಷಣದ ಬರಹ ರೂಪ)



ಮಾನಸ ಸರೋವರಕ್ಕೆ ಹೋಗಿಬರುವುದು ಹೇಗೆ ಎಂಬುದರ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕೂಟದ ಕಾರ್ಯದರ್ಶಿಗಳು ಕೇಳಿದರು. ನಾನು ಅಲ್ಲಿಗೆ ಹೋಗಿಬಂದವನಲ್ಲ, ಹೋದವರು ಬರೆದಿಟ್ಟದ್ದನ್ನು ಬಹಳ ಕಾಲದಿಂದ ಓದಿಕೊಂಡು ಬಂದವನು ಎಂದು ಮೊದಲೇ ಹೇಳಿಬಿಡುತ್ತೇನೆ. ಅವರ ಬರಹಗಳನ್ನು ಓದುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ನಮ್ಮ ಭಾಷೆಯ ಒಂದು ಮಾತು: ‘ಪರದೇಶಿ’. ಕನ್ನಡದಲ್ಲಿ ಇದಕ್ಕೆ ಎರಡು ಅರ್ಥ. ಬೇರೆ ದೇಶದವನು ಎಂಬುದು ಒಂದು. ಹಿಂದೆಮುಂದೆ ಯಾರೂ ಇಲ್ಲದವನು, ಗತಿಯಿಲ್ಲದವನು ಎಂಬುದು ಇನ್ನೊಂದು. ‘ಪಾಪ, ಪರದೇಶಿ’ ಎಂದು ಅಜ್ಜಿಯರು ಮರುಗುತ್ತಿದ್ದುದು ಈ ಎರಡನೆಯವನನ್ನು ಕಂಡು. ಮಾನಸ ಸರೋವರದ ದಾರಿಯಲ್ಲಿ ಈ ಎರಡು ಅರ್ಥಗಳೂ ಒಂದಾಗಿಬಿಡುತ್ತವೆ. ಅಲ್ಲಿ ಪ್ರಯಾಣಿಕನ ಕಾಲಿನ ಬಲಕ್ಕಿಂತ ಅವನು ಯಾರ ಕಡೆಯವನು ಎಂಬುದೇ ಯಾವಾಗಲೂ ಮುಖ್ಯವಾಗಿದೆ. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ.

ಎರಡು ಕೆರೆಗಳು

ಮೊದಲು ಸ್ಥಳದ ಪರಿಚಯ. ಟಿಬೆಟ್ಟಿನ ಪಶ್ಚಿಮ ಭಾಗದಲ್ಲಿ, ಭಾರತ ಮತ್ತು ನೇಪಾಳಗಳ ಗಡಿಯಿಂದ ಸ್ವಲ್ಪವೇ ಆಚೆಗೆ, ಎರಡು ದೊಡ್ಡ ಕೆರೆಗಳು ಅಕ್ಕಪಕ್ಕದಲ್ಲಿವೆ. ಪೂರ್ವಕ್ಕಿರುವುದು ಮಾನಸ ಸರೋವರ, ಪಶ್ಚಿಮಕ್ಕಿರುವುದು ರಾಕ್ಷಸ ತಾಲ. ಮಾನಸ ಸರೋವರವನ್ನು ಟಿಬೆಟನ್ನರು ಮಪಾಮ್ ಯುಮ್‌ತ್ಸೊ ಎನ್ನುತ್ತಾರೆ. ಸೋಲಿಲ್ಲದ ನೀಲಮಣಿಯ ಕೆರೆ ಎಂಬಂತೆ ಅದರ ಅರ್ಥ. ಇದರ ವಿಸ್ತಾರ ಸುಮಾರು 412 ಚದರ ಕಿಲೋಮೀಟರ್, ಸುತ್ತಳತೆ ಸುಮಾರು 88 ಕಿಲೋಮೀಟರ್. ಎತ್ತರ ಸಮುದ್ರಮಟ್ಟದಿಂದ ಸುಮಾರು 4,590 ಮೀಟರ್, ಎಂದರೆ ನಮ್ಮ ಬೆಂಗಳೂರಿನ ಐದರಷ್ಟು. ಅಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕ ಸಮುದ್ರತೀರದಲ್ಲಿ ದಕ್ಕುವುದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಉತ್ತರಕ್ಕೆ ಕೈಲಾಸ, ದಕ್ಷಿಣಕ್ಕೆ ಗುರ್ಲಾ ಮಾಂಧಾತ. ಸಿಂಧೂ, ಸಟ್ಲೆಜ್, ಬ್ರಹ್ಮಪುತ್ರ, ಕರ್ನಾಲಿ ಈ ನಾಲ್ಕೂ ನದಿಗಳ ಮೂಲಗಳು ಈ ಸೀಮೆಯಲ್ಲೇ ಇವೆ.

ಹಿಂದೂಗಳಿಗೆ, ಬೌದ್ಧರಿಗೆ, ಜೈನರಿಗೆ, ಟಿಬೆಟ್ಟಿನ ಹಳೆಯ ಬೋನ್ ಮತದವರಿಗೆ, ಹೀಗೆ ನಾಲ್ಕು ಮತದವರಿಗೆ ಇದು ಪುಣ್ಯಭೂಮಿ. ಉಳಿದವರೆಲ್ಲ ಕೈಲಾಸವನ್ನು ಬಲಕ್ಕಿಟ್ಟುಕೊಂಡು ಸುತ್ತಿದರೆ ಬೋನ್ ಮತದವರು ಎಡಕ್ಕಿಟ್ಟುಕೊಂಡು ಸುತ್ತುತ್ತಾರೆ. ಎದುರುಬದುರು ನಡೆಯುವವರು ದಾರಿಯಲ್ಲಿ ಸಂಧಿಸುತ್ತಾರೆ, ಜಗಳವೇನೂ ಇಲ್ಲ.

ನಮ್ಮ ಕವಿಗಳು ಮಾನಸದ ಹಂಸಗಳ ಬಗ್ಗೆ ಬಹಳ ಹೇಳಿದ್ದಾರೆ. ಈ ಕೆರೆಗಳಲ್ಲಿ, ಮುಖ್ಯವಾಗಿ ರಾಕ್ಷಸ ತಾಲದ ನಡುಗಡ್ಡೆಗಳಲ್ಲಿ, ಬೇಸಿಗೆಯಲ್ಲಿ ಮೊಟ್ಟೆಯಿಡುವ ಹಕ್ಕಿ ಪಟ್ಟೆತಲೆಯ ಹೆಬ್ಬಾತು. ಇದೇ ಜಾತಿಯ ಹೆಬ್ಬಾತುಗಳು ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದು ಇಳಿಯುತ್ತವೆ. ಹಕ್ಕಿಗೆ ಗಡಿಯಲ್ಲಿ ಕೇಳುವವರಿಲ್ಲ. ಮನುಷ್ಯರ ಮಾತು ಬೇರೆ.

ಮಿತ್ರನಿದ್ದರೆ ದಾರಿ

ಈ ಕೆರೆಗಳ ಸೀಮೆಗೆ ಅತಿ ಸಲೀಸಾಗಿ ಹೋಗಿಬರುತ್ತಿದ್ದವರು ಯಾರು? ಸನ್ಯಾಸಿಗಳಲ್ಲ, ಸಾಹಸಿಗಳೂ ಅಲ್ಲ, ವ್ಯಾಪಾರಿಗಳು. ಕುಮಾವೂಂ ಬೆಟ್ಟಗಳ ಜೋಹಾರ್, ದಾರ್ಮಾ, ಬ್ಯಾಂಸ್ ಕಣಿವೆಗಳ ಭೋಟಿಯಾ ಜನ ಪ್ರತಿ ಬೇಸಿಗೆಯಲ್ಲೂ ಕುರಿ ಮೇಕೆಗಳ ಬೆನ್ನಿಗೆ ಪುಟ್ಟ ಚೀಲಗಳನ್ನು ಕಟ್ಟಿ ಕಣಿವೆ ದಾಟುತ್ತಿದ್ದರು. ಇಲ್ಲಿಂದ ಧಾನ್ಯ, ಬೆಲ್ಲ, ಬಟ್ಟೆ. ಅಲ್ಲಿಂದ ಉಪ್ಪು, ಬಿಳಿಗಾರ, ಉಣ್ಣೆ. ತಕ್ಲಾಕೋಟ್ ಮತ್ತು ಗ್ಯಾನಿಮಾ ಇದರ ದೊಡ್ಡ ಸಂತೆಗಳು.

ಈ ವ್ಯಾಪಾರದ ಬೆನ್ನೆಲುಬು ‘ಮಿತ್ರ’ ಎಂಬ ಸಂಬಂಧ. ಒಬ್ಬ ಭೋಟಿಯಾ ವ್ಯಾಪಾರಿಗೆ ಟಿಬೆಟ್ಟಿನಲ್ಲಿ ಒಬ್ಬ ಗೊತ್ತಾದ ಮಿತ್ರ. ಸರಕು ಕೊಡುವುದು, ಕೊಳ್ಳುವುದು ಅವನೊಂದಿಗೇ. ಅಪ್ಪನ ಕಾಲಕ್ಕೆ ಬೆಳೆದ ಮಿತ್ರತ್ವ ಮಗನಿಗೆ ಆಸ್ತಿಯಂತೆ ಬರುತ್ತಿತ್ತು. ಅಂಥ ಮಿತ್ರನಿದ್ದವನು ಬೇರೆ ದೇಶದವನಾಗಿದ್ದರೂ ನಮ್ಮ ಎರಡನೆಯ ಅರ್ಥದ ಪರದೇಶಿಯಲ್ಲ. ಅವನ ಹೆಸರು ಹಿಡಿದು ಕರೆಯುವವರು ಅಲ್ಲಿ ಇದ್ದರು.

ಮಿತ್ರನಿಲ್ಲದ ಪರದೇಶಿಯ ಪಾಡೇನು? 1715ರ ಶರತ್ಕಾಲದಲ್ಲಿ ಇಟಲಿಯ ಪಾದ್ರಿ ಇಪ್ಪೊಲಿಟೊ ದೆಸಿದೇರಿ ಮತ್ತು ಅವನ ಪೋರ್ಚುಗೀಸ್ ಸಂಗಾತಿ ಫ್ರೈರೆ ಲಡಾಖಿನ ಕಡೆಯಿಂದ ಇಲ್ಲಿಗೆ ಬಂದರು. ಈ ಕೆರೆಯ ದಾರಿ ಹಿಡಿದುದಾಗಿ ದಾಖಲೆಯಿರುವ ಮೊದಲ ಯುರೋಪಿಯನ್ನರು ಎಂದು ಇವರನ್ನು ಎಣಿಸುತ್ತಾರೆ. ಮುಂದೆ ಲಾಸಾಗೆ ತಿಂಗಳುಗಟ್ಟಲೆಯ ಹಾದಿ, ಚಳಿಗಾಲ ಹತ್ತಿರ. ಅದೇ ಹೊತ್ತಿಗೆ ಆ ಸೀಮೆಯ ಆಡಳಿತ ನಡೆಸುತ್ತಿದ್ದ ಒಬ್ಬ ಮಂಗೋಲ್ ವಿಧವೆ ತನ್ನ ಪರಿವಾರ, ಪಡೆಗಳೊಂದಿಗೆ ಲಾಸಾಗೆ ಹೊರಟಿದ್ದಳು. ಆಕೆ ಈ ಇಬ್ಬರನ್ನೂ ತನ್ನ ದಂಡಿನೊಳಗೆ ಸೇರಿಸಿಕೊಂಡಳು. 1716ರ ಮಾರ್ಚಿಯಲ್ಲಿ ಅವರು ಲಾಸಾ ಮುಟ್ಟಿದರು. ಆ ಹೆಣ್ಣುಮಗಳ ಕೃಪೆಯಿಲ್ಲದಿದ್ದರೆ ಆ ಚಳಿಗಾಲವನ್ನು ಅವರು ಹೇಗೆ ಕಳೆಯುತ್ತಿದ್ದರೋ.

ವೇಷದ ಕಾಲ

ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಟಿಬೆಟ್ ಬಿಳಿಯರಿಗೆ ಬಾಗಿಲು ಹಾಕಿತ್ತು. ಕಾರಣವಿಲ್ಲದೆ ಅಲ್ಲ. ಮೊದಲು ಬರುವವನು ಯಾತ್ರಿಕ, ಅವನ ಹಿಂದೆ ವ್ಯಾಪಾರಿ, ವ್ಯಾಪಾರಿಯ ಹಿಂದೆ ಸಿಪಾಯಿ ಎಂಬ ಅಂಜಿಕೆ ನೆರೆಯ ಹಿಂದೂಸ್ತಾನವನ್ನು ನೋಡಿದ ಯಾರಿಗಾದರೂ ಬರುವಂಥದೇ. ಬಾಗಿಲು ಹಾಕಿದ ಮೇಲೆ ಬಂದದ್ದು ವೇಷ.

1812ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕುದುರೆ ತಳಿಕೇಂದ್ರದ ಪಶುವೈದ್ಯ ವಿಲಿಯಂ ಮೂರ್‌ಕ್ರಾಫ್ಟ್, ಹಿಯರ್ಸೀ ಎಂಬ ಸಂಗಾತಿಯೊಂದಿಗೆ ನೀತಿ ಕಣಿವೆ ದಾಟಿ ಬಂದ. ಇಬ್ಬರೂ ಗೋಸಾಯಿಗಳ ವೇಷ ಹಾಕಿ, ಮಾಯಾಪುರಿ, ಹರಗಿರಿ ಎಂದು ಹೆಸರಿಟ್ಟುಕೊಂಡಿದ್ದರು. ಬಂದದ್ದು ಮಾತ್ರ ಪಶ್ಮೀನಾ ಉಣ್ಣೆಯ ಮೇಕೆಗಳಿಗಾಗಿ. ಜೊತೆಗಿದ್ದ ಪಂಡಿತನೊಬ್ಬ ಹೆಜ್ಜೆ ಎಣಿಸುತ್ತಾ ದಾರಿಯನ್ನು ಅಳೆಯುತ್ತಿದ್ದ. ಹಿಂದಿರುಗುವಾಗ ಗೂರ್ಖರು ಇವರನ್ನು ಹಿಡಿದು ಕೆಲವು ದಿನ ಕೂಡಿಟ್ಟರು.

ಹೆಜ್ಜೆ ಎಣಿಸುವ ಈ ಕೆಲಸವನ್ನು ಒಂದು ಶಾಸ್ತ್ರವನ್ನಾಗಿ ಮಾಡಿದವನು ಮಿಲಮ್ ಊರಿನ ಶಾಲಾ ಮೇಷ್ಟರು ನೈನ್ ಸಿಂಗ್. ಬ್ರಿಟಿಷ್ ಸರ್ವೆ ಇಲಾಖೆ ಅವನಿಗೆ ಡೆಹರಾಡೂನಿನಲ್ಲಿ ತರಬೇತಿ ಕೊಟ್ಟು 1865ರಲ್ಲಿ ಕಳಿಸಿತು. ಕೈಯಲ್ಲಿದ್ದ ಜಪಮಾಲೆಯಲ್ಲಿ 108 ಮಣಿಗಳ ಬದಲು ನೂರೇ ಮಣಿ. ನೂರು ಹೆಜ್ಜೆಗೆ ಒಂದು ಮಣಿ ಸರಿಸುತ್ತಾ ಹೋದರೆ ಒಂದು ಸುತ್ತಿಗೆ ಹತ್ತು ಸಾವಿರ ಹೆಜ್ಜೆ. ಪ್ರಾರ್ಥನಾ ಚಕ್ರದೊಳಗೆ ಮಂತ್ರದ ಸುರುಳಿಯ ಬದಲು ಅಳತೆಯ ಚೀಟಿಗಳು. ನೀರು ಕುದಿಯುವ ಉಷ್ಣತೆ ನೋಡಿ ಎತ್ತರದ ಲೆಕ್ಕ. 1866ರ ಜನವರಿಯಲ್ಲಿ ಲಾಸಾ ಕಂಡು, ಬ್ರಹ್ಮಪುತ್ರದ ಗುಂಟ ಪಶ್ಚಿಮಕ್ಕೆ ನಡೆದು, ಬೇಸಿಗೆಯಲ್ಲಿ ಮಾನಸ ಸರೋವರಕ್ಕೆ ಬಂದ. ಕುಲದಿಂದ ಅವನು ಅದೇ ಭೋಟಿಯಾ ಜನದವನು. ವ್ಯಾಪಾರಿಯಾಗಿ ಬಂದಿದ್ದರೆ ಅವನಿಗೆ ಭಯವಿರಲಿಲ್ಲ. ಅಳತೆಯವನಾಗಿ ಬಂದ ಕಾರಣ, ತಾತಮುತ್ತಾತಂದಿರು ಓಡಾಡಿದ ದಾರಿಯಲ್ಲೇ ಅವನು ಮರೆಮಾಚಿಕೊಂಡು ನಡೆಯಬೇಕಾಯಿತು. ನಿನ್ನೆಯವರೆಗೆ ಪರಿಚಿತನಾಗಿದ್ದವನು ಕೈಯಲ್ಲಿರುವ ಕೆಲಸದಿಂದಲೇ ಪರದೇಶಿಯಾಗಬಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

1900ರಲ್ಲಿ ಬಂದ ಜಪಾನಿನ ಭಿಕ್ಷು ಎಕಾಯಿ ಕವಾಗುಚಿ ನಿಜವಾಗಿಯೂ ಬೌದ್ಧನೇ, ನಿಜವಾಗಿಯೂ ಯಾತ್ರಿಕನೇ. ಆದರೂ ಜಪಾನಿನವನೆಂದು ಹೇಳಿಕೊಳ್ಳುವಂತಿರಲಿಲ್ಲ. ಚೀನಾದ ಭಿಕ್ಷು ಎಂದು ಹೇಳಿಕೊಂಡು ಕೆರೆಯನ್ನೂ ಕೈಲಾಸವನ್ನೂ ಕಂಡ. ನಿಜವಾದ ಭಕ್ತನಿಗೂ ಸುಳ್ಳು ಹೆಸರು ಬೇಕಾಗಿದ್ದ ಕಾಲ ಅದು.

ಒಂದು ಸಲ ಕಂಡದ್ದು

ಸ್ವೀಡನ್ನಿನ ಸ್ವೆನ್ ಹೆಡಿನ್ 1907ರಲ್ಲಿ ಬಂದು ಬೇಸಿಗೆಯ ಒಂದು ತಿಂಗಳನ್ನು ಇಲ್ಲೇ ಕಳೆದ. ಜೊತೆಗೆ ಲಡಾಖಿನ ಆಳುಗಳು, ಮಡಿಸಿ ಒಯ್ಯಬಹುದಾದ ಒಂದು ದೋಣಿ. ಕೆರೆಯ ದೇವತೆ ಮುಳುಗಿಸಿಬಿಡುತ್ತಾಳೆ ಎಂದು ಸ್ಥಳದವರು ಎಚ್ಚರಿಸಿದರೂ ಅವನು ರಾತ್ರಿ ಹೊತ್ತಿನಲ್ಲಿ ದೋಣಿಯಿಳಿಸಿ ಆಚೆ ದಡ ಮುಟ್ಟಿದ. ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು ಆಳ ನೋಡಿದ. ಹೆಚ್ಚೆಂದರೆ 81.8 ಮೀಟರ್ ಸಿಕ್ಕಿತು. ಇಂಥ ಹೆಡಿನ್‌ನೇ ಮರುವರ್ಷ, 1908ರಲ್ಲಿ, ಅಧಿಕಾರಿಗಳ ಕಣ್ಣು ತಪ್ಪಿಸಲು ಲಡಾಖಿ ಕುರುಬನ ವೇಷ ಹಾಕಿ ಕುರಿಗಳ ಹಿಂದೆ ನಡೆಯಬೇಕಾಯಿತು.

ಎರಡು ಕೆರೆಗಳ ನಡುವೆ ಗಂಗಾ ಛು ಎಂಬ ಕಾಲುವೆಯಿದೆ. ಮಾನಸದ ನೀರು ಅದರಲ್ಲಿ ಹರಿದು ರಾಕ್ಷಸ ತಾಲಕ್ಕೆ ಸೇರುತ್ತದೆಯೇ ಎಂಬುದು ಆ ಕಾಲದ ದೊಡ್ಡ ವಿವಾದ. 1812ರಲ್ಲಿ ದಡದ ಮೇಲೆ ನಡೆದು ನೋಡಿದ ಮೂರ್‌ಕ್ರಾಫ್ಟ್, ಕೆರೆಗೆ ಹೊರಹರಿವೇ ಇಲ್ಲ ಎಂದ. 1846ರಲ್ಲಿ ಹೆನ್ರಿ ಸ್ಟ್ರೇಚಿ ಹರಿಯುವ ನೀರನ್ನೇ ಕಂಡ. 1907ರಲ್ಲಿ ಹೆಡಿನ್ ಬಂದಾಗ ಹರಿವು ಮತ್ತೆ ನಿಂತಿತ್ತು. ಯಾರು ಸುಳ್ಳು ಹೇಳಿದರು? ಯಾರೂ ಇಲ್ಲ. ಮಳೆ ಹಿಮ ಚೆನ್ನಾಗಿ ಬಿದ್ದ ವರ್ಷ ಕೆರೆಯ ಮಟ್ಟ ಏರಿ ಕಾಲುವೆ ಹರಿಯುತ್ತದೆ, ಬಾರದ ವರ್ಷ ಒಣಗುತ್ತದೆ. ತಾನು ಕಂಡ ವಾರವನ್ನೇ ಕೆರೆಯ ಗುಣವೆಂದು ಬರೆದುಬಿಡುವುದು ಬಂದುಹೋಗುವವರ ದೋಷ. ಊರಿನ ಕುರಿ ಕಾಯುವ ಹುಡುಗನನ್ನು ಕೇಳಿದ್ದರೆ ಎರಡನ್ನೂ ಹೇಳುತ್ತಿದ್ದ.

ಈ ದೋಷದಿಂದ ಪಾರಾದವರು ನಮ್ಮ ನೆರೆಯ ಆಂಧ್ರದ ಗೋದಾವರಿ ಸೀಮೆಯವರು, ಸ್ವಾಮಿ ಪ್ರಣವಾನಂದರು. ಅವರು ಬಂದುಹೋಗಲಿಲ್ಲ, ನಿಂತರು. 1936-37ರಲ್ಲಿ ಒಂದು ಪೂರ್ತಿ ವರ್ಷ ಕೆರೆಯ ದಕ್ಷಿಣ ದಡದ ಗೊಂಪಾದಲ್ಲಿ ವಾಸವಾಗಿದ್ದರು. ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟುವುದನ್ನು, ಹೆಪ್ಪು ಬಿರಿಯುವ ಸದ್ದನ್ನು, ಮತ್ತೆ ಕರಗುವುದನ್ನು ದಿನದಿನವೂ ಬರೆದಿಟ್ಟರು. ಆಮೇಲೂ ಮತ್ತೆ ಮತ್ತೆ ಬಂದು ಕೆರೆಯನ್ನು ಸುತ್ತಿದರು. ಯಾತ್ರಿಕರಿಗೆ ದಾರಿ, ತಂಗುದಾಣ, ಬೇಕಾಗುವ ಸಾಮಾನು ಎಲ್ಲವನ್ನೂ ಪುಸ್ತಕದಲ್ಲಿ ಕೊಟ್ಟರು. 1976ರಲ್ಲಿ ಅವರಿಗೆ ಪದ್ಮಶ್ರೀ ಬಂತು. ವೇಷ ಹಾಕದೆ, ಅಡಗದೆ, ದಡದ ಜನರೊಂದಿಗೆ ಬಾಳಿ ಸಂಪಾದಿಸಿದ ತಿಳಿವಳಿಕೆ ಅದು.

ಕಾಗದದ ಕಾಲ

ವೇಷದ ಕಾಲ ಮುಗಿದು ಕಾಗದದ ಕಾಲ ಬಂತು. 1954ರ ಏಪ್ರಿಲ್ 29ರಂದು ಭಾರತ ಮತ್ತು ಚೀನಾ ಟಿಬೆಟ್ ಕುರಿತು ಒಪ್ಪಂದ ಮಾಡಿಕೊಂಡವು. ಪಂಚಶೀಲವೆಂದು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಅದರ ಪೀಠಿಕೆಯ ಮಾತುಗಳನ್ನು. ಒಳಗಿನ ಕಲಮುಗಳನ್ನು ಓದಿದವರು ಕಡಿಮೆ. ಲಿಪುಲೇಖ್ ಸೇರಿದಂತೆ ಆರು ಕಣಿವೆಗಳನ್ನು ಅದು ಹೆಸರಿಸಿ ತೆರೆದಿಟ್ಟಿತ್ತು. ಯಾತ್ರಿಕರು ಊರಿನಿಂದ ಗುರುತಿನ ಕಾಗದವನ್ನೇ ತರಬೇಕಾಗಿರಲಿಲ್ಲ. ಗಡಿಯ ಠಾಣೆಯಲ್ಲಿ ಹೆಸರು ಬರೆಸಿ ಯಾತ್ರೆಯ ಚೀಟಿ ಪಡೆದರೆ ಸಾಕಿತ್ತು. ಎಂಟು ವರ್ಷದ ಅವಧಿ ಮುಗಿದು 1962ರಲ್ಲಿ ಒಪ್ಪಂದ ಕೊನೆಗೊಂಡಿತು. ಅದೇ ವರ್ಷ ಯುದ್ಧ. ಸಂತೆಗಳು ನಿಂತವು. ತಲೆಮಾರುಗಳಿಂದ ಬಂದಿದ್ದ ಮಿತ್ರತ್ವಗಳು ಕಣಿವೆಯ ಆಚೆ ಈಚೆ ಉಳಿದುಹೋದವು.

1981ರಲ್ಲಿ ಸರ್ಕಾರಗಳ ಏರ್ಪಾಟಿನಲ್ಲಿ ಯಾತ್ರೆ ಮತ್ತೆ ಶುರುವಾಯಿತು. ದಾರಿ ಮಾತ್ರ ಕಠಿಣ. 1998ರ ಆಗಸ್ಟ್ 18ರ ನಸುಕಿನಲ್ಲಿ, ಗಡಿಯಿಂದ ಈಚೆಗೆ ಕಾಳಿ ನದಿಯ ದಡದ ಮಾಲ್ಪಾ ಎಂಬಲ್ಲಿ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಸುಮಾರು 60 ಮಂದಿ ಮಾನಸ ಸರೋವರದ ಯಾತ್ರಿಕರು. ಬೆಂಗಳೂರಿನ ಪಕ್ಕದ ಹೆಸರಘಟ್ಟದಲ್ಲಿ ನೃತ್ಯಗ್ರಾಮವನ್ನು ಕಟ್ಟಿದ ಪ್ರತಿಮಾ ಬೇಡಿ ಅವರಲ್ಲಿ ಒಬ್ಬರು. ಉಳಿದವರು ಸ್ಥಳದ ಜನ, ಹೊರೆಯಾಳುಗಳು, ಹೇಸರಗತ್ತೆ ಹೊಡೆಯುವವರು, ಕಾವಲಿನವರು. ನಾವು ನೆನೆಯುವುದು ಒಂದು ಹೆಸರನ್ನು. ಯಾತ್ರಿಕನ ಪುಣ್ಯದ ಹೊರೆಯನ್ನು ಹೊತ್ತವರ ಹೆಸರುಗಳು ನಮಗೆ ಬರುವುದಿಲ್ಲ.

2015ರಲ್ಲಿ ಸಿಕ್ಕಿಂನ ನಾಥು ಲಾ ಮೂಲಕ ಎರಡನೆಯ ದಾರಿ ತೆರೆಯಿತು. 2017ರಲ್ಲಿ ದೋಕ್ಲಾಮ್ ಬಿಕ್ಕಟ್ಟಿನಿಂದ ಆ ದಾರಿಯ ಯಾತ್ರೆ ನಿಂತಿತು. 2020ರಿಂದ 2024ರವರೆಗೆ ಮೊದಲು ಸಾಂಕ್ರಾಮಿಕದ, ಆಮೇಲೆ ಗಡಿಯ ವೈಮನಸ್ಸಿನ ಕಾರಣ ಸರ್ಕಾರಿ ಯಾತ್ರೆಯೇ ಇರಲಿಲ್ಲ. 2025ರ ಜೂನ್‌ನಲ್ಲಿ ಮತ್ತೆ ಆರಂಭವಾಯಿತು. ಆ ವರ್ಷ ಲಿಪುಲೇಖ್ ದಾರಿಯಲ್ಲಿ ತಲಾ 50 ಜನರ ಐದು ತಂಡ, ನಾಥು ಲಾ ದಾರಿಯಲ್ಲಿ ಹತ್ತು ತಂಡಗಳಿಗೆ ಏರ್ಪಾಟಾಗಿತ್ತು.

ಈಗ ಹೋಗುವವರಿಗೆ

ಇನ್ನು ಕಾರ್ಯದರ್ಶಿಗಳು ಕೇಳಿದ ಪ್ರಶ್ನೆಗೆ ಬರುತ್ತೇನೆ. ದಾರಿ ಎರಡು ಬಗೆಯದು. ಮೊದಲನೆಯದು ವಿದೇಶಾಂಗ ಇಲಾಖೆಯದು. ಅರ್ಜಿ ಹಾಕಿದವರಲ್ಲಿ ಚೀಟಿ ಎತ್ತಿದಂತೆ ಕಂಪ್ಯೂಟರ್ ಆರಿಸುತ್ತದೆ. ವಯಸ್ಸು 18ರಿಂದ 70. ಎತ್ತರಕ್ಕೆ ತಕ್ಕ ತೂಕವಿದೆಯೇ ಎಂಬುದನ್ನೂ ಲೆಕ್ಕ ಹಾಕುತ್ತಾರೆ. ಎರಡನೆಯದು ನೇಪಾಳದ ಮೂಲಕ ಖಾಸಗಿ ಏರ್ಪಾಟಿನವರದು. ಕಠ್ಮಂಡುವಿನಿಂದ ಕ್ಯಿರೋಂಗ್ ದಾಟಿ ರಸ್ತೆಯಲ್ಲಿ ಹೋಗುವುದು, ಅಥವಾ ಸಿಮಿಕೋಟ್‌ವರೆಗೆ ಚಿಕ್ಕ ವಿಮಾನ, ಅಲ್ಲಿಂದ ಹೆಲಿಕಾಪ್ಟರಿನಲ್ಲಿ ಗಡಿಯ ಹಿಲ್ಸಾಕ್ಕೆ. ಮೋಡ ಕವಿದರೆ ಇವು ಹಾರುವುದಿಲ್ಲ. 2018ರ ಜುಲೈನಲ್ಲಿ ಹೀಗೆ ಸಿಮಿಕೋಟ್, ಹಿಲ್ಸಾಗಳಲ್ಲಿ ಸಾವಿರಕ್ಕೂ ಹೆಚ್ಚು ಭಾರತೀಯರು ಸಿಕ್ಕಿಕೊಂಡರು. ಅವರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ನಮ್ಮ ರಾಜ್ಯದವರು. ಆದ್ದರಿಂದ ವಾಪಸು ಬರುವ ದಿನದ ಟಿಕೆಟ್ಟಿಗೂ ಮಗಳ ಮದುವೆಗೂ ನಡುವೆ ಸಾಕಷ್ಟು ದಿನ ಬಿಟ್ಟುಕೊಳ್ಳಿ.

ಟಿಬೆಟ್ಟಿನಲ್ಲಿ ವಿದೇಶಿಯರು ತಮ್ಮಷ್ಟಕ್ಕೆ ತಿರುಗಾಡುವಂತಿಲ್ಲ. ಏರ್ಪಾಟಿನ ಸಂಸ್ಥೆ, ಮಾರ್ಗದರ್ಶಿ, ರಹದಾರಿ ಪತ್ರಗಳು ಬೇಕೇಬೇಕು. ಭಾರತೀಯರಿಗೆ ಸಾಮಾನ್ಯವಾಗಿ ಕೊಡುವುದು ಗುಂಪಿನ ವೀಸಾ. ಎಂದರೆ ಎಲ್ಲರ ಹೆಸರಿರುವ ಒಂದೇ ಪಟ್ಟಿ. ಒಟ್ಟಿಗೆ ಒಳಗೆ ಹೋಗಬೇಕು, ಒಟ್ಟಿಗೆ ಹೊರಗೆ ಬರಬೇಕು. ಒಬ್ಬರು ಕಾಯಿಲೆ ಬಿದ್ದು ಮುಂಚೆ ಇಳಿಯಬೇಕಾದರೆ ಅದಕ್ಕೆ ಬೇರೆ ಓಡಾಟ, ಬೇರೆ ಕಾಗದ. ಗಡಿಯಾಚೆ ಬೀಜಿಂಗ್ ಸಮಯ, ನಮಗಿಂತ ಎರಡೂವರೆ ಗಂಟೆ ಮುಂದೆ. ಕೆರೆಗೆ ಇಳಿದು ಮೀಯುವುದಕ್ಕೆ ಈಚಿನ ವರ್ಷಗಳಲ್ಲಿ ನಿರ್ಬಂಧವಿದೆ. ಬಕೆಟ್ಟಿನಲ್ಲಿ ನೀರು ಮೊಗೆದು ದಡದಿಂದ ದೂರದಲ್ಲಿ ತಲೆಗೆ ಹಾಕಿಕೊಂಡು ಬರುತ್ತಾರೆ. ಕೆಲವರಿಗೆ ಇದು ಬೇಸರ. ಅದೇ ನೀರು ಇನ್ನೂ ಮೂರು ಮತದವರಿಗೆ ಪವಿತ್ರವೆಂದೂ ಅದನ್ನು ಬರಿಯ ಕಣ್ಣಲ್ಲಿ ನೋಡಿಯೇ ಧನ್ಯರಾಗುವವರು ಉಂಟೆಂದೂ ನೆನೆದರೆ ಬೇಸರ ಕಡಿಮೆಯಾದೀತು.

ಎಲ್ಲಕ್ಕಿಂತ ಮುಖ್ಯವಾದದ್ದು ಎತ್ತರದ ಕಾಯಿಲೆ. ಕುರಿ ಹೊಡೆದುಕೊಂಡು ಹೋಗುತ್ತಿದ್ದ ವ್ಯಾಪಾರಿ ದಿನಕ್ಕೆ ಕೆಲವೇ ಮೈಲಿ ಏರುತ್ತಿದ್ದ. ದೇಹಕ್ಕೆ ಒಗ್ಗಿಕೊಳ್ಳಲು ಸಮಯ ಸಿಗುತ್ತಿತ್ತು. ಜೀಪು, ಹೆಲಿಕಾಪ್ಟರುಗಳು ಆ ಸಮಯವನ್ನು ಕಸಿದುಕೊಂಡಿವೆ. ದಾರಿ ಸುಲಭವಾದಷ್ಟೂ ಅಪಾಯ ಹೆಚ್ಚಿದೆ ಎಂಬುದು ವಿಚಿತ್ರವಾದರೂ ನಿಜ. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರದಂತೆ ನೋಡಿಕೊಳ್ಳಬೇಕು. ತಲೆನೋವು, ವಾಕರಿಕೆ ಬಂದರೆ ಮುಂದೆ ಏರಬಾರದು. ಕೂತಲ್ಲೇ ಏದುಸಿರು ಬಂದರೆ, ಮಾತು ತೊದಲಿದರೆ, ನಡಿಗೆ ತಪ್ಪಿದರೆ ತಡಮಾಡದೆ ಕೆಳಗಿಳಿಸಬೇಕು. ಬೆಳಗಾಗಲಿ ಎಂದು ಕಾಯುವುದಲ್ಲ. ಕೈಲಾಸ ಪ್ರದಕ್ಷಿಣೆಯಲ್ಲಿ ದಾಟಬೇಕಾದ ಡೋಲ್ಮಾ ಲಾ ಸುಮಾರು 5,630 ಮೀಟರ್. ಅಲ್ಲಿ ಹಟ ಸಲ್ಲದು. ಕೆರೆಯ ದಡದಿಂದಲೇ ಕೈಮುಗಿದು ಹಿಂದಿರುಗಿದವರ ಭಕ್ತಿ ಕಡಿಮೆಯದೇನಲ್ಲ.

ನಮ್ಮ ಪಕ್ಕದವರು

ಕೊನೆಯದಾಗಿ ಒಂದು ಮಾತು. ಪಿರಿಯಾಪಟ್ಟಣದ ಹತ್ತಿರದ ಬೈಲುಕುಪ್ಪೆಯನ್ನು ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. 1959ರಲ್ಲಿ ದಲೈ ಲಾಮಾ ಅವರ ಹಿಂದೆ ನಾಡು ಬಿಟ್ಟು ಬಂದವರಿಗೆ ಆಗಿನ ಮೈಸೂರು ಸರ್ಕಾರ 1960ರಲ್ಲಿ ಅಲ್ಲಿ ಜಮೀನು ಕೊಟ್ಟಿತು. ಆಮೇಲೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲಗಳ ಕಡೆಯಲ್ಲೂ ನೆಲೆಗಳಾದವು. ಅವರ ಮಕ್ಕಳು ಮೊಮ್ಮಕ್ಕಳು ಇಲ್ಲೇ ಹುಟ್ಟಿ ಜೋಳ ಬೆಳೆದಿದ್ದಾರೆ, ಕನ್ನಡದಲ್ಲಿ ಚೌಕಾಶಿ ಮಾಡುತ್ತಾರೆ. ಮಪಾಮ್ ಯುಮ್‌ತ್ಸೊ ಎಂಬ ಹೆಸರು ಅವರ ಮಾತಿನದು, ಅವರ ಹಿರಿಯರು ಸುತ್ತಿದ ಕೆರೆ ಅದು. ನನಗೂ ನಿಮಗೂ ಪಾಸ್‌ಪೋರ್ಟ್, ಆರೋಗ್ಯ, ಹಣ ಇದ್ದರೆ ಅಲ್ಲಿಗೆ ಹೋಗಿಬರುವ ದಾರಿಯುಂಟು. ನಿರಾಶ್ರಿತರ ಕಾಗದ ಹಿಡಿದಿರುವ ಅವರಲ್ಲಿ ಬಹುತೇಕರಿಗೆ ಅದು ಕೈಗೂಡುವ ಮಾತಲ್ಲ.

ಹಾಗಾದರೆ ಆ ದಡದಲ್ಲಿ ಪರದೇಶಿ ಯಾರು? ಒಂದು ಕಾಲಕ್ಕೆ ಮಿತ್ರನಿಲ್ಲದವನು, ಇನ್ನೊಂದು ಕಾಲಕ್ಕೆ ಅಳತೆಯ ಮಣಿ ಹಿಡಿದವನು, ಈಗ ಕಾಗದವಿಲ್ಲದವನು. ಕೆರೆ ಯಾರನ್ನೂ ಹಾಗೆ ಕರೆದದ್ದಿಲ್ಲ. ಕರೆದದ್ದು ಆಯಾ ಕಾಲದ ರಾಜ್ಯಗಳು.

ನಿಮ್ಮಲ್ಲಿ ಯಾರಾದರೂ ಯಾತ್ರೆಗೆ ಹೊರಡುವುದಾದರೆ ಬೆಚ್ಚನೆಯ ಕೋಟು, ಔಷಧಿಗಳ ಜೊತೆಗೆ ಇನ್ನೊಂದು ಕೆಲಸ ಮಾಡಿ. ಹೊರಡುವ ಮೊದಲು ಬೈಲುಕುಪ್ಪೆಗೆ ಒಮ್ಮೆ ಹೋಗಿ, ವಯಸ್ಸಾದವರೊಬ್ಬರ ಬಳಿ ಕುಳಿತು, ಅಲ್ಲಿ ಜನರನ್ನು ಹೇಗೆ ಮಾತಾಡಿಸಬೇಕು, ಗೊಂಪಾದೊಳಗೆ ಹೇಗೆ ನಡೆದುಕೊಳ್ಳಬೇಕು ಎಂದು ಕೇಳಿ ತಿಳಿದುಕೊಳ್ಳಿ. ಬಂದ ಮೇಲೆ ಮತ್ತೊಮ್ಮೆ ಹೋಗಿ ಕಂಡದ್ದನ್ನು ಅವರಿಗೆ ಹೇಳಿ. ಆ ವರ್ಷ ಗಂಗಾ ಛುವಿನಲ್ಲಿ ನೀರು ಹರಿಯುತ್ತಿತ್ತೋ ಇಲ್ಲವೋ ಎಂಬುದನ್ನೂ ಹೇಳಿ. ಕೇಳಲು ಅವರಿಗೆ ಆಸೆಯಿರುತ್ತದೆ.